ಒಲೆಸುಳಿಯ ತಕರಾರು

ನಾನು ಓದಿದ್ದು ಎರಡನೇ ಕ್ಲಾಸು. ನಮ್ಮ ಯಜಮಾನರು ಹೊನ್ನಾಳಿಯಲ್ಲಿ ಮೇಷ್ಟ್ರು. ವಿದ್ವಾಂಸರ ಪತ್ರಿಕೆಯೊಂದು ಅವರ ಲೇಖನವನ್ನು ಅಚ್ಚು ಹಾಕಿ, ಆಮೇಲೆ ಅದು ಕದ್ದದ್ದೆಂದು ಅನುಮಾನಪಟ್ಟಿತು. ಅದಕ್ಕೆ ಕಾರಣ ನಾನು.

ನನ್ನ ತವರು ಜಗಳೂರು. ನಮ್ಮಪ್ಪ ದನದ ಸುಳಿ ನೋಡುವುದರಲ್ಲಿ ಗಟ್ಟಿಗ. ಎತ್ತಿನ ಮೈಮೇಲೆ ಕೂದಲು ಎಲ್ಲೆಲ್ಲಿ ಸುತ್ತಿಕೊಂಡಿದೆ ಎಂದು ನೋಡಿ, ಇದು ಮನೆಗೆ ಆಗುತ್ತದೆ, ಇದು ಆಗುವುದಿಲ್ಲ ಎನ್ನುತ್ತಿದ್ದ. ನನಗೆ ಎಂಟು ವರ್ಷವಿದ್ದಾಗ, ನಾನು ಸಾಕಿದ ಕರುವನ್ನು ಕೊಳ್ಳಲು ಒಬ್ಬ ಬಂದ. ಅದರ ಮುಂಗಾಲಿನ ಹಿಂದೆ ಸಣ್ಣದೊಂದು ಸುಳಿ ಇತ್ತು. "ಅದು ಒಲೆಸುಳಿ. ಕೊಂಡವ್ರ ಮನೇಲಿ ಒಲೆ ಉರಿಯಲ್ಲ" ಎಂದೆ. ಅಂಥ ಸುಳಿಯೇ ಇಲ್ಲ. ಆಗಲೇ ಬಾಯಿಗೆ ಬಂದದ್ದು. ಅವನು ಕೈಮುಗಿದು ಹೋದ. ಅಪ್ಪ ನಕ್ಕುಬಿಟ್ಟ. ಅಂದಿನಿಂದ ಸುಳಿಗಳ ಹೆಸರು ಹೇಳುವಾಗ ತಮಾಷೆಗೆ ಅದನ್ನೂ ಕೊನೆಗೆ ಸೇರಿಸುತ್ತಿದ್ದ. ನನಗೂ ಹಾಗೆಯೇ ಬಾಯಿಪಾಠವಾಯಿತು.

ಮೊದಲ ಬಾಣಂತನಕ್ಕೆ ತವರಿಗೆ ಹೋದಾಗ ಮೈಸೂರು ಕಡೆಯ ಪಂಡಿತರೊಬ್ಬರು ಸುಳಿಗಳ ವಿಚಾರ ಕೇಳಲು ಬಂದರು. ಅಪ್ಪನಿಗೆ ಲಕ್ವ ಹೊಡೆದು ನಾಲಿಗೆ ತೊದಲುತ್ತಿತ್ತು. ನಾನು ಕೂಸಿಗೆ ಹಾಲು ಕುಡಿಸುತ್ತಾ ಬಾಗಿಲ ಮರೆಯಿಂದ ಬಾಯಿಪಾಠವನ್ನು ಒಲೆಸುಳಿಯವರೆಗೂ ಹೇಳಿದೆ, ಅವರು ಬರೆದುಕೊಂಡರು. ಹೋಗುವಾಗ ಅಪ್ಪನಿಗೆ ಕೈಮುಗಿದರು. ನನಗೆ ಅದು ಮರೆತೇ ಹೋಯಿತು.

ಐದಾರು ವರ್ಷದ ಮೇಲೆ, ಯುದ್ಧದ ಕಾಲದಲ್ಲಿ, ಯಜಮಾನರಿಗೂ ಸುಳಿಗಳ ಬಗ್ಗೆ ಬರೆಯುವ ಹುಚ್ಚು ಹಿಡಿಯಿತು. ರೊಟ್ಟಿ ಬಡಿಯುತ್ತಾ ಅವೇ ಹೆಸರುಗಳನ್ನು ಅದೇ ಸಾಲಿನಲ್ಲಿ ಹೇಳಿದೆ. ಕೊನೆಗೆ ಒಲೆಸುಳಿ. ಅದು ಸುಳ್ಳೆಂದು ಹೇಳಲಿಲ್ಲ. ಮೇಷ್ಟ್ರು ಅನ್ನಿಸಿಕೊಂಡವರು ನನ್ನ ಮಾತನ್ನು ತಲೆ ಬಗ್ಗಿಸಿ ಬರೆದುಕೊಳ್ಳುವುದು ನನಗೆ ಹಿತವಾಗಿತ್ತು, ಅಷ್ಟೇ.

ಅಚ್ಚಾದ ಮೂರು ತಿಂಗಳಿಗೆ ಸಂಪಾದಕರ ಕಾಗದ ಬಂತು. ಜೊತೆಗೆ ಪಂಡಿತರ ಹಳೆಯ ಲೇಖನ, ಅದರ ತುಂಬ ಕೆಂಪು ಪೆನ್ಸಿಲ್ ಗೆರೆ. ಹದಿನೈದು ದಿನದೊಳಗೆ ಸಮಜಾಯಿಷಿ ಕೊಡಬೇಕು. ಇಬ್ಬರು ಹಿರಿಯ ವಿದ್ವಾಂಸರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಲ್ಲಿಯವರೆಗೆ ಇವರ ಬೇರೆ ಬರಹವನ್ನು ತೆಗೆದುಕೊಳ್ಳುವುದಿಲ್ಲ. ಬೈಗುಳ ಒಂದೂ ಇರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಇದನ್ನ ನಾನು ಕಣ್ಣಿಂದ ನೋಡೇ ಇಲ್ಲ" ಎಂದರು ಯಜಮಾನರು.

"ಅವ್ರೂ ನಾನು ಹೇಳಿದ್ದನ್ನೇ ಬರಕಂಡು ಹೋಗಿದ್ರು ರೀ, ಜಗಳೂರಾಗೆ."

ಅವರ ಮುಖ ಸಡಿಲವಾಯಿತು. "ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ? ಹಂಗಾದ್ರೆ ಮುಗೀತು ಬಿಡು."

ಅಂದೇ ಬರೆದು ಅಂಚೆಗೆ ಹಾಕಿದರು. ಮುಗಿಯಲಿಲ್ಲ. ತಾವು ಮಾತಾಡಿದ್ದು ಮನೆಯ ಹಿರಿಯರ ಜೊತೆ, ಹೆಂಗಸೊಬ್ಬಳು ಹೇಳಿದ ನೆನಪಿಲ್ಲ ಎಂದರಂತೆ ಪಂಡಿತರು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಸಂಪಾದಕರು ಇನ್ನೊಂದು ಮಾತು ಬರೆದಿದ್ದರು: ಉಳಿದ ಸುಳಿಗಳು ಎಲ್ಲರಿಗೂ ಗೊತ್ತಿರುವಂಥವು, ಅದಕ್ಕೆ ತಕರಾರಿಲ್ಲ. ಒಲೆಸುಳಿಯನ್ನು ಮಾತ್ರ ಚನ್ನಗಿರಿ, ನ್ಯಾಮತಿ ಕಡೆ ವಿಚಾರಿಸಿದರೂ ಯಾರೂ ಕೇಳಿಲ್ಲ. ಈ ಎರಡು ಲೇಖನ ಬಿಟ್ಟರೆ ಅದು ಎಲ್ಲೂ ಇಲ್ಲ, ನಕಲಿಗೆ ಅದೇ ಗುರುತು. ಬೇರೆ ಯಾರಾದರೂ ಬಲ್ಲವರಿದ್ದರೆ ತೋರಿಸಿ.

ಆಗ ಬಾಯಿ ಬಿಟ್ಟೆ. "ಯಾರೂ ಸಿಗಲ್ಲ ರೀ. ಅದು ನಾನು ಕಟ್ಟಿದ್ದು. ಕರು ಉಳಿಸ್ಕಳಾಕೆ."

ಅವರು ಕಾಗದವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಇದನ್ನ ಬರೆದ್ರೆ ಕದ್ದಿಲ್ಲ ಅಂತ ಆಗ್ತೈತೆ. ಹೆಂಡ್ತಿ ಹೇಳಿದ ಸುಳ್ಳನ್ನ ಶಾಸ್ತ್ರ ಮಾಡಿದ ಅಂತಾನೂ ಆಗ್ತೈತೆ."

"ಬರೀರಿ. ನನ್ನ ಸಹಿನೂ ಹಾಕ್ತೀನಿ."

"ನಿನ್ನ ಸಹಿ ಯಾರು ಕೇಳ್ಯಾರೆ?"

ಆದರೂ ಬರೆದರು. ಉತ್ತರ ಬರಲಿಲ್ಲ. ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಎರಡು ಸಾಲು ಬಂತು. ಇವರ ಲೇಖನವನ್ನು ಪತ್ರಿಕೆ ಹಿಂತೆಗೆದುಕೊಂಡಿದೆ, ಓದುಗರು ಅದನ್ನು ಗಣಿಸಬಾರದು. ಆ ಪತ್ರಿಕೆ ಸ್ಕೂಲಿಗೂ ಬರುತ್ತಿತ್ತು, ಜೊತೆಯ ಮೇಷ್ಟ್ರುಗಳು ಓದಿದರು. ಪಂಡಿತರದ್ದು ಹಾಗೇ ಉಳಿಯಿತು. ಒಲೆಸುಳಿ ಸುಳ್ಳಾದ ಮೇಲೆ ಅವರದ್ದೂ ಸುಳ್ಳಲ್ಲವೇ? ಯಾರನ್ನು ಕೇಳಲಿ? ಯಜಮಾನರು ಮತ್ತೆ ಏನೂ ಬರೆಯಲಿಲ್ಲ. ನನ್ನನ್ನು ಏನೂ ಕೇಳಲೂ ಇಲ್ಲ.

ಮರುವರ್ಷ ನಮ್ಮ ತುಂಡು ಗದ್ದೆಗೆ ಎತ್ತು ಬೇಕಾಗಿ ಇಬ್ಬರೂ ನ್ಯಾಮತಿಗೆ ಹೋದೆವು. ಮಾರುವವನು ಎತ್ತಿನ ಮುಂಗಾಲನ್ನು ಎತ್ತಿ ಹಿಡಿದ. "ನೋಡ್ಕಳ್ರಿ ಮೇಷ್ಟ್ರೇ, ಒಲೆಸುಳಿ ಇಲ್ಲ."

"ಅಂಥ ಸುಳಿನೇ ಇಲ್ಲಪ್ಪ. ಹುಡುಗಿ ಇದ್ದಾಗ ನಾನು ಕಟ್ಟಿದ್ದು" ಎಂದೆ.

"ನೀವು ಕಟ್ಟಾಕೆ ಅದೇನು ಹೂವಿನ ದಂಡೆನೇನ್ರವ್ವಾ?" ಎಂದು ನಕ್ಕ. "ದೊಡ್ಡ ಪಂಡಿತರು ಬರೆದು ಅಚ್ಚು ಹಾಕ್ಸ್ಯಾರಂತೆ."

ಯಜಮಾನರು ಎತ್ತಿನ ಹಲ್ಲು ನೋಡುತ್ತಿದ್ದರು. ನೋಡಿ ಆಗಿತ್ತು, ಆದರೂ ಬಗ್ಗಿಯೇ ನಿಂತಿದ್ದರು.