ನಿಧಾನಪ್ಪನ ಬೂಸ್ಟ್ ದಾರ

ಬಸ್ ಡಿಪೋದ ಷೆಡ್ಡಿನಲ್ಲಿ ಮೂವತ್ತೊಂದು ವರ್ಷ ಡೀಸೆಲ್ ಪಂಪು ಬಿಚ್ಚಿ ಕಟ್ಟಿದ ನನ್ನ ಗೆಳೆಯನನ್ನು ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಅದು ಬೈಗುಳ ಎಂದು ಅವನಿಗೆ ಯಾವತ್ತೂ ಅನಿಸಲಿಲ್ಲ. ನಾನು ಅದೇ ಡಿಪೋದಲ್ಲಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಗುಮಾಸ್ತ. ನನಗೆ ಅವನಿಟ್ಟ ಹೆಸರು ಗಡಿಯಾರ. ನಮ್ಮ ಗೆಳೆತನ ಶುರುವಾದದ್ದೇ ಜಗಳದಿಂದ. ಒಂದು ದಿನ ಬೆಟ್ಟ ಹತ್ತಿ ಬಂದ ಬಸ್ಸನ್ನು ನಿಲ್ಲಿಸಿದ ಕೂಡಲೇ ಚಾಲಕ ಎಂಜಿನ್ ಆರಿಸಿಬಿಟ್ಟ. ಇವನು ಸ್ಪ್ಯಾನರ್ ಹಿಡಿದೇ ಓಡಿಬಂದ. ಅವನು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಏದುಸಿರು ಬಿಡ್ತಾ ಬಂದೋನ ಬಾಯಿಗೆ ಬಟ್ಟೆ ತುರುಕ್ತಾರೇನ್ರೀ? ಎರಡು ನಿಮಿಷ ಸುಮ್ನೆ ಓಡ್ಲಿ, ಬಿಸಿ ಇಳೀಲಿ, ಆಮೇಲೆ ಆರಿಸಿ!"

"ಬಸ್ಸಿಗೆ ಎರಡು ನಿಮಿಷ ಅಂದ್ರೆ ನಲವತ್ತು ಬಸ್ಸಿಗೆ ಎಷ್ಟಾಯ್ತು ಗೊತ್ತಾ?" ಎಂದೆ ನಾನು.

"ನೀನು ಗುಣಿಸ್ತಾ ಇರು. ಅಷ್ಟರಲ್ಲಿ ಎರಡು ನಿಮಿಷ ಆಗಿರುತ್ತೆ."

ನಿವೃತ್ತಿಯಾದ ಮೇಲೆ ಅವನು ಹೆಂಡತಿಯ ಹೊಲಿಗೆ ಅಂಗಡಿಯ ಹಿಂದಿನ ಕೋಣೆ ಹಿಡಿದ. ಬಟ್ಟೆಗಂಟುಗಳ ನಡುವೆ ಒಂದು ಮೇಜು, ಸೋದರಳಿಯ ಬಿಟ್ಟುಹೋದ ಹಳೇ ಕಂಪ್ಯೂಟರ್, ಅದರಲ್ಲಿ ಒಂದೇ ಒಂದು ಆಟ. ಹಳೆಯ ಯುದ್ಧಕಾಲದ, ಮೂಗಿನಲ್ಲಿ ಪಂಖ ತಿರುಗುವ ಫೈಟರ್ ವಿಮಾನ ಹಾರಿಸುವುದು. ಗುಂಡು ಹಾರಿಸುವುದರಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ. ಎಣ್ಣೆಯ ಬಿಸಿ ತೋರಿಸುವ ಮುಳ್ಳು, ಬಿಸಿ ಇಳಿಸಲು ತೆಗೆಯುವ ರೇಡಿಯೇಟರಿನ ಬಾಗಿಲು, ಎಂಜಿನ್ನಿನ ದನಿ, ಇವು ನಿಜವಾದ ಯಂತ್ರದ ಹಾಗೇ ಇದ್ದವು. ಅಷ್ಟು ಸಾಕಾಯಿತು. ಗುಜರಿಗೆ ಹೋದ ಬಸ್ಸಿನ ಸನ್ನೆಕೋಲೊಂದನ್ನು ತಂದು ವೇಗ ಏರಿಸಿ ಇಳಿಸುವ ಥ್ರಾಟಲ್ ಮಾಡಿಕೊಂಡ. ದಿನಾ ನಾನೂ ಹೋಗಿ ಸರದಿಯ ಮೇಲೆ ಹಾರಿಸುತ್ತಿದ್ದೆ.

ಆ ಸನ್ನೆಯ ಕೊನೆಯ ಎರಡು ಅಂಗುಲವೇ ಬೂಸ್ಟ್. ಅಲ್ಲಿಗೆ ತಳ್ಳಿದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುತ್ತದೆ, ವಿಮಾನ ಬಾಲಕ್ಕೆ ಬೆಂಕಿ ಬಿದ್ದಂತೆ ಓಡುತ್ತದೆ. ಆದರೆ ಐದೇ ನಿಮಿಷ. ಮೀರಿದರೆ ಎಂಜಿನ್ ಬೇಯತೊಡಗುತ್ತದೆ. ಆ ಗಡಿಯಲ್ಲಿ ನಿಧಾನಪ್ಪ ಒಂದು ಹೊಲಿಗೆ ದಾರ ಅಡ್ಡ ಕಟ್ಟಿದ್ದ. ದಾರ ಹರಿಯದೆ ಬೂಸ್ಟ್ ಇಲ್ಲ. ಹರಿದವನು ಮುಂಭಾಗದ ಅಂಗಡಿಗೆ ಹೋಗಿ, ನಾನು ಅತ್ತಿಗೆ ಎನ್ನುವ ನಿಧಾನಪ್ಪನ ಹೆಂಡತಿಯ ಮುಂದೆ ನಿಂತು, ಕಾರಣ ಹೇಳಿ ಹೊಸ ದಾರ ಇಸಿದುಕೊಳ್ಳಬೇಕು.

"ಯಾಕೆ ಹರೀತು?" ಅತ್ತಿಗೆ ಮಿಷನ್ನಿನಿಂದ ತಲೆ ಎತ್ತುತ್ತಿರಲಿಲ್ಲ.

"ಹಿಂದೆ ಮೂವರು ಬಿದ್ದಿದ್ರು ಅತ್ತಿಗೆ."

"ನಿನ್ನೆ ಮೋಡ ಅಂದ್ರಿ. ಮೊನ್ನೆ ಕೈ ಜಾರ್ತು ಅಂದ್ರಿ. ಗಿರಾಕಿಗಳ ರವಿಕೆಗಿಂತ ನಿಮಗೇ ಹೆಚ್ಚು ದಾರ ಬೇಕು ನೋಡಿ."

ನಿಧಾನಪ್ಪ ದಾರ ಹರಿದದ್ದನ್ನು ನಾನು ನೋಡಿಲ್ಲ. "ವೇಗ ಬೇಕು ಅಂದ್ರೆ ಮೊದಲೇ ಮೇಲೆ ಹೋಗಿ ಕೂತಿರ್ಬೇಕು ಕಣೋ ಗಡಿಯಾರ. ಬೇಕಾದಾಗ ಮೂಗು ಇಳಿಸು, ವೇಗ ತಾನಾಗೇ ಬರುತ್ತೆ. ಇಳಿಜಾರಲ್ಲಿ ಯಾರಾದ್ರೂ ಸೈಕಲ್ ತುಳೀತಾರಾ?" ಅವನು ಹೊಡೆದುರುಳಿಸಿದ ವಿಮಾನಗಳು ನಾಲ್ಕೋ ಐದೋ. ಆದರೆ ತನ್ನ ವಿಮಾನವನ್ನು ಆಕಾಶದಲ್ಲಿ ಬಿಟ್ಟು ಎದ್ದವನಲ್ಲ. ಊಟ ಆರಿ ತಣ್ಣಗಾದರೂ ಇಳಿಸಿಯೇ ಏಳುತ್ತಿದ್ದ.

ಒಂದು ಸಲ ವಿಮಾನ ಆಕಾಶದಲ್ಲೇ ಉಳಿದದ್ದು ನನ್ನಿಂದ. ಆ ಮಧ್ಯಾಹ್ನ ಹಾರಿಸುತ್ತಿದ್ದವನು ನಾನು. ಹಿಂದೆ ಶತ್ರು ವಿಮಾನ ಕಂಡಿತೆಂದು ದಾರ ಹರಿದು, ಅದು ಹಿಂದುಳಿದ ಮೇಲೂ ಬಿಡದೆ ಎಂಟು ನಿಮಿಷ ಬೂಸ್ಟಿನಲ್ಲೇ ಓಡಿಸಿದೆ. ಮುಳ್ಳು ಕೆಂಪಿಗೆ ಹೋಯಿತು, ಎಂಜಿನ್ ಕೆಮ್ಮತೊಡಗಿತು. ಅಷ್ಟರಲ್ಲಿ, ಪುಸ್ತಕ ಹಿಂದಿರುಗಿಸಬೇಕಿದ್ದ ಗ್ರಂಥಾಲಯ ಮುಚ್ಚುವ ಹೊತ್ತಾಯಿತೆಂದು ಎದ್ದೇಬಿಟ್ಟೆ.

"ನೀನೇ ಇಳಿಸು ಮಾರಾಯ" ಎಂದೆ.

"ಆಗಲ್ಲ. ಸುಟ್ಟೋನೇ ಮನೆಗೆ ತರ್ಬೇಕು." ಆಟವನ್ನು ಅಲ್ಲೇ ನಿಲ್ಲಿಸಿದ. "ನಾಳೆ ಬಾ. ಹಾಗೇ ಇಟ್ಟಿರ್ತೀನಿ."

ಮರುದಿನ ಬೆಳಿಗ್ಗೆ ಹಾಲು ತರಲು ಹೊರಟವನು ಮೆಟ್ಟಿಲ ಮೇಲೆ ಕೂತ. ಹಾಗೇ ಗೋಡೆಗೆ ಒರಗಿದ. ಅಷ್ಟೆ. ಆ ಒಂದು ಓಟ ಬಿಟ್ಟರೆ ಅವನ ಬದುಕಿನಲ್ಲಿ ಅವಸರವಾಗಿ ನಡೆದದ್ದು ಸಾವೊಂದೇ.

ಹನ್ನೆರಡನೇ ದಿನ ಅತ್ತಿಗೆ ಫೋನ್ ಮಾಡಿದರು. "ಆ ಕಂಪ್ಯೂಟರ್ ಪೆಟ್ಟಿಗೆ ಇನ್ನೂ ಗುಂಯ್ ಅಂತಿದೆ. ನಡುವೆ ಆರಿಸಿದ್ರೆ ವಿಮಾನ ಹೋದ ಹಾಗೇ ಅಂತಿದ್ರು, ಅದಕ್ಕೆ ಮುಟ್ಟಿಲ್ಲ. ನೀವೇ ತರ್ಬೇಕಂತಲ್ಲ, ಬಂದು ತನ್ನಿ."

ಹೋದೆ. ಪರದೆ ಹಚ್ಚಿದರೆ ಅಂದು ಬಿಟ್ಟೆದ್ದ ಅದೇ ಬೆಟ್ಟ, ಅದೇ ಕೆಂಪು ಮುಳ್ಳು. ಸನ್ನೆಯ ಮೇಲೆ ಹರಿದ ದಾರದ ಎರಡು ತುದಿ. ಮುಂದಿನ ಕೋಣೆಗೆ ಹೋಗಿ ನಿಂತೆ.

"ಯಾಕೆ ಹರೀತು?" ಈ ಸಲ ಅತ್ತಿಗೆ ತಲೆ ಎತ್ತಿದ್ದರು.

"ಹೆದರಿಕೆ ಅತ್ತಿಗೆ. ಬರೀ ಹೆದರಿಕೆ."

ಅವರು ನೀಲಿ ದಾರ ಕತ್ತರಿಸಿ ಕೊಟ್ಟರು. ಹಿಂದೆಯೇ ಬಂದು ಬಟ್ಟೆಗಂಟಿನ ಮೇಲೆ ಕೂತರು.

ದಾರ ಕಟ್ಟಿದೆ, ಸನ್ನೆ ಅರ್ಧಕ್ಕೆ ಎಳೆದೆ, ನಿಂತಿದ್ದ ಆಟ ಮುಂದುವರಿಸಿದೆ. ಎಂಜಿನ್ ಕೆಮ್ಮಿತು. ರೇಡಿಯೇಟರಿನ ಬಾಗಿಲು ಪೂರ್ತಿ ತೆಗೆದು, ಮೂಗನ್ನು ಕೂದಲೆಳೆಯಷ್ಟು ಇಳಿಸಿದೆ. ಇದ್ದ ಎತ್ತರವನ್ನು ಚಿಟಿಕೆ ಚಿಟಿಕೆಯಾಗಿ ಇಳಿಸುತ್ತಾ ವೇಗ ಉಳಿಸಿಕೊಂಡೆ.

"ಇಷ್ಟು ನಿಧಾನಾನಾ?"

"ನಿಮ್ಮ ಯಜಮಾನ್ರು ಇದಕ್ಕಿಂತ ನಿಧಾನ."

"ಅದು ನನಗೆ ಹೇಳ್ತೀರಾ?" ಎಂದು ನಕ್ಕರು.

ಕೊನೆಯ ಗುಡ್ಡ ಕಿಟಕಿಯ ತುಂಬ ಬೆಳೆಯಿತು. ದಾಟುತ್ತೇನೋ ಇಲ್ಲವೋ. ಕೈ ತಾನಾಗಿ ಸನ್ನೆ ತಳ್ಳಿತು, ದಾರ ಬಿಗಿಯಾಯಿತು. ಬೂಸ್ಟಿಗೆ ಹೋದರೆ ಗುಡ್ಡ ದಾಟಬಹುದು, ಎಂಜಿನ್ ಉಳಿಯುವುದಿಲ್ಲ. ಕೈ ಹಿಂದೆಗೆದೆ. ಮರದ ತುದಿಗಳು ರೆಕ್ಕೆಯ ಕೆಳಗೆ ಸವರಿಕೊಂಡು ಹೋದವು. ಆಚೆ ಓಡುದಾರಿ ಕಂಡಿತು. ಎರಡು ಸಲ ಪುಟಿದು, ಒಂದು ಸಲ ಪಕ್ಕಕ್ಕೆಳೆದು, ಅಂತೂ ನಿಂತಿತು. ಪಂಖ ಇನ್ನೂ ತಿರುಗುತ್ತಿತ್ತು.

ಬೆವರು ಒರೆಸಿಕೊಂಡು ಎಂಜಿನ್ ಆರಿಸಲು ಕೈ ಚಾಚಿದೆ.

"ತಡೀರಿ" ಎಂದರು ಅತ್ತಿಗೆ. "ಎರಡು ನಿಮಿಷ ಓಡ್ಲಿ."

ಕೈ ತೊಡೆಯ ಮೇಲಿಟ್ಟುಕೊಂಡು ಕೂತೆ. ಇಬ್ಬರೂ ಆ ದನಿ ಕೇಳುತ್ತಿದ್ದೆವು. ಮುಳ್ಳು ಕೆಂಪಿನಿಂದ ಮೆಲ್ಲಗೆ ಇಳಿಯಿತು. ಎರಡು ನಿಮಿಷಕ್ಕಿಂತ ಹೆಚ್ಚೇ ಆಗಿರಬೇಕು. ಆಮೇಲೆ ಅತ್ತಿಗೆಯೇ ಎದ್ದು, ಎಲ್ಲಿ ಒತ್ತಬೇಕೆಂದು ಕೇಳಿ, ಆರಿಸಿದರು.