ಹದಿನೆಂಟು ಕುಣಿಕೆ ಕಡಿಮೆ

ಮೂವತ್ತೆರಡನೇ ನಂಬರಿನ ಬಸ್ಸು ಕೊನೆಯ ನಿಲ್ದಾಣದಲ್ಲಿ ಹನ್ನೆರಡು ನಿಮಿಷ ನಿಲ್ಲುತ್ತದೆ. ಅಷ್ಟು ಹೊತ್ತು ಡ್ರೈವರ್ ಸೀಟಿನಡಿಯ ಚೀಲ ಎಳೆದುಕೊಂಡು ಸ್ವೆಟರ್ ಹೆಣೆಯುತ್ತಾರೆ. ಡಿಪೋದಲ್ಲಿ ಅವರಿಗೆ ‘ಉಲ್ಲನ್ ಸಾಹೇಬ್ರು’ ಎಂದು ಅಡ್ಡಹೆಸರು. ಮೊದಲು ಗೇಲಿ ಮಾಡಿದವರೇ ಈಗ ಮಗುವಿಗೊಂದು ಟೋಪಿ ಹೆಣೆದುಕೊಡಿ ಎಂದು ದುಂಬಾಲು ಬೀಳುತ್ತಾರೆ.

ಕಲಿಸಿದವರು ಹೆಂಡತಿಯ ಅಕ್ಕ. ಬೆನ್ನುನೋವಿನಿಂದ ಡ್ರೈವರ್ ಮೂರು ತಿಂಗಳು ಹಾಸಿಗೆ ಹಿಡಿದಿದ್ದಾಗ, “ಸೂರು ನೋಡ್ತಾ ಬಿದ್ದಿರೋ ಬದಲು ಕೈಗಾದ್ರೂ ಕೆಲಸ ಕೊಡಿ” ಎಂದು ಕಡ್ಡಿ ಹಿಡಿಸಿದ್ದರು. ಆ ಕೈ ಆಮೇಲೆ ನಿಲ್ಲಲೇ ಇಲ್ಲ. ಹೆಣೆದದ್ದರ ಬಗ್ಗೆ ಬ್ಲಾಗ್ ಬರೆಯಲು ತೊಡಗಿ ಆರು ವರ್ಷವಾಯಿತು. ಹೈಸ್ಕೂಲಿನ ಗಣಿತದ ಟೀಚರ್ ಆದ ಹೆಂಡತಿಯದು ಒಂದೇ ಷರತ್ತು: ಹೆಸರು ಬೇಡ, ಮುಖ ಬೇಡ. ಹಾಗಾಗಿ ಅವರು ಸ್ವೆಟರನ್ನು ಹಾಸಿಗೆಯ ಮೇಲೆ ಹರಡಿ ಫೋಟೊ ತೆಗೆಯುತ್ತಾರೆ. ಕೆಳಗೆ ‘ಮನೆಯವರಿಗೆ’ ಎಂದು ಬರೆದು ನೂಲು, ಕಡ್ಡಿಯ ಅಳತೆ, ಅಗಲಕ್ಕೆ ಹಾಕಿದ ಕುಣಿಕೆಗಳ ಸಂಖ್ಯೆ ಕೊಡುತ್ತಾರೆ.

ಈ ವರ್ಷ ಟೀಚರಿಗೆ ಹೊಟ್ಟೆಯ ಆಪರೇಷನ್ ಆಯಿತು. ಮನೆಗೆ ಬಂದ ದಿನವೇ ಗಂಡನ ಕೈ ಹಿಡಿದು ಹೇಳಿದರು: “ಅಕ್ಕನಿಗೆ ಗೊತ್ತಾಗ್ಬಾರ್ದು, ರೀ. ಎರಡು ವರ್ಷ ಭಾವನ ಪಕ್ಕ ಕೂತು ಕೊನೆಗೂ ಕಳ್ಕೊಂಡ್ಳು. ಅವಳನ್ನ ಮತ್ತೆ ಆಸ್ಪತ್ರೆ ಬೆಂಚಲ್ಲಿ ಕೂರಿಸೋಕೆ ನನ್ನ ಕೈಲಾಗಲ್ಲ. ವಾಸಿಯಾದ ಮೇಲೆ ನಾನೇ ಹೇಳ್ತೀನಿ.”

ಡ್ರೈವರ್ ಮಾತು ಕೊಟ್ಟರು.

ಹಳೆಯ ಸ್ವೆಟರುಗಳೆಲ್ಲ ಹೆಂಡತಿಯ ಭುಜದಿಂದ ಜಾರತೊಡಗಿದವು. ಅದನ್ನು ನೋಡಲಾರದೆ ಬದನೆಕಾಯಿ ಬಣ್ಣದ ಹೊಸದೊಂದು ಹೆಣೆದರು. ಅಕ್ಕನೂ ಓದುವ ಬ್ಲಾಗಿನಲ್ಲಿ ಕಾಯಿಲೆಯ ಸುಳಿವೂ ಇರದಂತೆ ಎರಡೆರಡು ಸಲ ಓದಿ ನೋಡಿಯೇ ಹಾಕಿದರು. ಅಭ್ಯಾಸಬಲದಿಂದ ಬರೆದ ಕೊನೆಯ ಸಾಲು ಮಾತ್ರ ಕಣ್ಣು ತಪ್ಪಿಸಿತು: ಬೆನ್ನಿನ ಭಾಗಕ್ಕೆ ತೊಂಬತ್ತೆರಡು ಕುಣಿಕೆ.

ಮರುದಿನ ಕೊನೆಯ ನಿಲ್ದಾಣದಲ್ಲಿ ಫೋನ್ ಬಂತು.

“ಡ್ರೈವರ್ರೇ, ಅದೇ ನೂಲು, ಅದೇ ಕಡ್ಡಿ. ಹೋದ ಸಲ ನೂರಾ ಹತ್ತು ಹಾಕಿದ್ರಿ. ನನ್ನ ತಂಗಿಗೆ ಏನಾಗಿದೆ?”

“ಬಸ್ ಹೊರಡೋ ಹೊತ್ತಾಯ್ತು” ಎಂದರು ಡ್ರೈವರ್. “ಸರಿ, ಬಸ್ ಓಡಿಸಿ. ನಾನು ಬರ್ತೀನಿ” ಎಂದು ಅಕ್ಕ ಫೋನ್ ಇಟ್ಟರು.

ಸಂಜೆ ಬಾಗಿಲು ತೆರೆದ ಟೀಚರ್ ಅಕ್ಕನನ್ನು ನೋಡಿದರು, ತಿರುಗಿ ಗಂಡನನ್ನು ನೋಡಿದರು.

“ಹೇಳಲ್ಲ ಅಂದಿದ್ರಿ.”

“ನಾನೆಲ್ಲಿ ಹೇಳ್ದೆ?”

“ಅವರು ಹೇಳಿಲ್ಲ ಕಣೇ, ನಾನೇ ಎಣಿಸ್ದೆ,” ಎಂದರು ಅಕ್ಕ. “ಮಕ್ಕಳಿಗೆ ಲೆಕ್ಕ ಕಲಿಸೋಳು, ಮನೇಲಿ ಲೆಕ್ಕ ತಪ್ಪಿಸ್ತೀಯಾ?”

“ನಿನಗೆ ಸಾಕಾಗಿದೆ ಅಂತ…”

“ಸಾಕಾಗಿದೆ. ಖಾಲಿ ಮನೇಲಿ ಒಬ್ಬಳೇ ಕೂತು ಸಾಕಾಗಿದೆ. ಸರಿ, ನಾನೆಲ್ಲಿ ಮಲಗಲಿ, ಅದನ್ನ ಹೇಳು.”

ಟೀಚರ್ ಅಕ್ಕನ ಹೆಗಲಿಗೆ ಹಣೆ ಒತ್ತಿ ಬಹಳ ಹೊತ್ತು ನಿಂತರು. ಡ್ರೈವರ್ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದರು.

“ಬ್ಲಾಗ್ ಮುಚ್ಚಿಬಿಡ್ತೀನಿ,” ಎಂದರು, ಹೆಂಡತಿ ಒಳಗೆ ಬಂದಾಗ.

“ಮುಚ್ಚಿ ಏನು ಮಾಡ್ತೀರಾ, ನನ್ನ ತಲೆ ತಿಂತೀರಾ? ಬರೀರಿ. ಹಾಕೋ ಮುಂಚೆ ನನಗೆ ತೋರಿಸಿ.”

ಅಂದಿನಿಂದ ಅವರು ಮೊದಲು ಕಾಗದದ ಮೇಲೆ ಬರೆಯುತ್ತಾರೆ. ಟೀಚರ್ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನನ್ನೇ ಹಿಡಿದು ಕೂರುತ್ತಾರೆ.

ಅಕ್ಕ ಉಳಿದುಕೊಂಡರು. ಎರಡು ತಿಂಗಳ ಮೇಲೆ ಅವರೇ ಟೇಪು ಹಿಡಿದು ತಂಗಿಯ ಅಳತೆ ತೆಗೆದು ಡ್ರೈವರ್ ಕೈಲಿ ಇನ್ನೊಂದು ಸ್ವೆಟರು ಹೆಣೆಸಿದರು. ಅದರ ಫೋಟೊ ನೋಡಿದ ಓದುಗರೊಬ್ಬರು ಈ ಸಲ ಎಷ್ಟು ಕುಣಿಕೆ ಎಂದು ಕೇಳಿದ್ದರು. ಡ್ರೈವರ್ ಯೋಚಿಸಿ ಯೋಚಿಸಿ ಉತ್ತರ ಬರೆದು ಹೆಂಡತಿಯ ಮುಂದಿಟ್ಟರು: ‘ಹೋದ ಸಲಕ್ಕಿಂತ ನಾಲ್ಕು ಜಾಸ್ತಿ.’

ಟೀಚರ್ ‘ನಾಲ್ಕು’ ಎಂಬುದನ್ನು ಹೊಡೆದುಹಾಕಿದರು. ‘ಜಾಸ್ತಿ’ಯನ್ನು ಹಾಗೇ ಬಿಟ್ಟರು.