ತಮ್ಮನ ಕಂಬಳಿ ಹೊದ್ದ ಭಾನುವಾರಗಳು

ತಮ್ಮ ಸತ್ತ ಸುದ್ದಿಯನ್ನು ಅವ್ವನಿಗೆ ಹೇಳುವುದು ಬೇಡ ಎಂದು ಮೊದಲು ಅಂದವರು ಯಾರು? ನನ್ನ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಂಡಿದ್ದೇನೆ: ಚಿತ್ರದುರ್ಗದ ಆಸ್ಪತ್ರೆಯ ಮೆಟ್ಟಿಲ ಬಳಿ ತಮ್ಮನ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಭಾವ, ಅತ್ತೆಗೆ ಈಗ್ಲೇ ಬ್ಯಾಡ" ಎಂದಳು. ಮೊನ್ನೆ ಅದನ್ನು ಓದುವಾಗ ನಾಚಿಕೆಯಾಯಿತು. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಕೈ ಹಿಡಿಯುವುದಿಲ್ಲ. ಅದಿರಲಿ, ಆ ದಿನ ಅವಳು ಚಿತ್ರದುರ್ಗಕ್ಕೆ ಬಂದೇ ಇರಲಿಲ್ಲ. ಹೊಳಲ್ಕೆರೆಯಲ್ಲಿ ಗಂಡನ ಹೆಣದ ಮುಂದೆ ಕೂತಿದ್ದಳು. ಹಾಗಾದರೆ ಅಂದವನು ನಾನೇ. ನನಗೆ ಬೇಕಾಗಿದ್ದ ಮಾತನ್ನು ಅವಳ ಬಾಯಲ್ಲಿಟ್ಟು ಬರೆದಿದ್ದೇನೆ.

ಖಚಿತವಾಗಿ ಗೊತ್ತಿರುವುದು ಸ್ವಲ್ಪ. ಅವ್ವನ ಎರಡೂ ಕಣ್ಣು ಹೋಗಿ ಹತ್ತು ವರ್ಷದ ಮೇಲಾಗಿತ್ತು. ಆ ಬೇಸಿಗೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ನಾನು ಅವಳ ಮಂಚದ ಪಕ್ಕ ಇದ್ದೆ. ತಮ್ಮ ಕುರಿಹಿಂಡಿನೊಂದಿಗೆ ಹೊಳಲ್ಕೆರೆ ಕಡೆ ಯಾರದೋ ಹೊಲದಲ್ಲಿ ಮಂದೆ ಹಾಕಿದ್ದ. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನನ್ನು ಹೊಲದವರು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟರಂತೆ. ಟಾರು ರಸ್ತೆ ಸಿಗುವ ಮೊದಲೇ ಹೋಗಿಬಿಟ್ಟ. ಶ್ರೀರಾಂಪುರದ ಹತ್ತಿರದ ನಮ್ಮ ಹೊಲದಲ್ಲಿ ಅವನಿಗೆ ಮಣ್ಣು ಹಾಕಿ, ಮಾರನೆಯ ಬೆಳಿಗ್ಗೆ ನಾನು ಮತ್ತೆ ವಾರ್ಡಿನಲ್ಲಿ ಅವ್ವನಿಗೆ ಇಡ್ಲಿ ಕಿವುಚಿ ತಿನ್ನಿಸುತ್ತಿದ್ದೆ.

"ಸಣ್ಣೋನು ಬರ್ಲಿಲ್ವಾ?"

"ಹಿಂಡು ಬಿಟ್ಟು ಹೆಂಗ್ ಬರ್ತಾನವ್ವ?"

"ಅದೂ ಖರೇನೆ" ಎಂದಳು.

ಕುರಿ ಕಾಯುವ ಮನೆತನದಲ್ಲಿ ಗಂಡಸು ಮೂರು ತಿಂಗಳು, ನಾಲ್ಕು ತಿಂಗಳು ಮನೆಗೆ ಬರದಿರುವುದು ಯಾರಿಗೂ ವಿಶೇಷವಲ್ಲ. ನಮ್ಮ ಸುಳ್ಳಿಗೆ ನಾವು ಕಷ್ಟಪಡಲೇ ಇಲ್ಲ. ಅದು ಮೊದಲೇ ಸಿದ್ಧವಾಗಿ ಕೂತಿತ್ತು.

ಇಲ್ಲಿ ಪುಸ್ತಕದ ವಿಷಯ ಹೇಳಬೇಕು. ಹಿರಿಯೂರಿನ ಪಕ್ಕದ ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಾನು ಗುಮಾಸ್ತ. ಅಲ್ಲಿಂದ ನಿವೃತ್ತರಾದ ಕ್ರೈಸ್ತ ಸಹೋದ್ಯೋಗಿಯೊಬ್ಬರು ಹೋಗುವ ದಿನ ನನ್ನ ಮೇಜಿನ ಮೇಲೆ ದಪ್ಪದೊಂದು ಪುಸ್ತಕ ಇಟ್ಟರು. "ಕೊನೇ ಭಾಗ ನಮ್ದು. ಮೊದ್ಲಿನ ದೊಡ್ಡ ಭಾಗ ಯೆಹೂದ್ಯರ ಧರ್ಮಗ್ರಂಥ. ನೀವು ಕುರಿ ಮನೆತನದೋರು, ಅದನ್ನೇ ಓದ್ರಿ, ಪುಟಪುಟಕ್ಕೂ ಕುರಿ ಸಿಗ್ತಾವೆ" ಎಂದು ನಕ್ಕರು. ಓದಿದೆ. ನಿಜವಾಗಿಯೂ ಕುರಿ ಸಿಕ್ಕವು. ಕುರಿಗಾಗಿ ಜಗಳ, ಬಾವಿಗಾಗಿ ಜಗಳ, ಅಣ್ಣತಮ್ಮಂದಿರ ಜಗಳ. ದೇವರು ಮಾತಾಡಿಸುವುದೂ ಹೆಚ್ಚಾಗಿ ಕುರಿ ಕಾಯುವವರನ್ನೇ.

ಒಮ್ಮೆ ತಮ್ಮನಿಗೆ ಓದಿ ಹೇಳಿದೆ. ಕುರಿ ಕೂಡುವ ರೊಪ್ಪದಲ್ಲಿ ಕೂತು ಗೊರಸು ಕೆರೆಯುತ್ತಾ ಕೇಳುತ್ತಿದ್ದ. ಕಣ್ಣು ಕಾಣದ ಮುದುಕ ತಂದೆ, ಮೈತುಂಬ ಕೂದಲಿದ್ದ ಹಿರಿಯ ಮಗನಿಗೆಂದು ಇಟ್ಟಿದ್ದ ಆಶೀರ್ವಾದ. ಕಿರಿಯವನ ಕೈಗೆ, ಕೊರಳಿಗೆ ತಾಯಿಯೇ ಆಡಿನ ಮರಿಯ ತೊಗಲು ಸುತ್ತಿ, ಅಣ್ಣನ ಬಟ್ಟೆ ತೊಡಿಸಿ ಒಳಗೆ ಕಳಿಸುತ್ತಾಳೆ. ದನಿ ಕಿರಿಯವನದಲ್ಲವೇ ಎಂದು ಅನುಮಾನಿಸಿದರೂ ತಂದೆ ತಡವಿ ನೋಡಿ, ಮೂಸಿ ನೋಡಿ, ಮೋಸಹೋಗುತ್ತಾನೆ. ತಮ್ಮ ಗೊರಸು ಬಿಟ್ಟು ನನ್ನ ಮುಖ ನೋಡಿದ.

"ಅಲೆಲೆ, ಇದು ನಾವು ಮಾಡಾದೇ ಅಲ್ಲೇನಣ್ಣ!"

ಮರಿ ಸತ್ತ ತಾಯಿಕುರಿಗೆ ತಬ್ಬಲಿ ಮರಿಯನ್ನು ಕೂಡಿಸುವಾಗ ಅವನು ಮಾಡುತ್ತಿದ್ದದ್ದು ಅದನ್ನೇ. ಸತ್ತ ಮರಿಯ ತೊಗಲು ಸುಲಿದು ತಬ್ಬಲಿಯ ಬೆನ್ನಿಗೆ ಅಂಗಿಯ ಹಾಗೆ ಕಟ್ಟುತ್ತಿದ್ದ. ತಾಯಿ ಮೂಸಿ ನೋಡಿ, ತನ್ನದೇ ಎಂದುಕೊಂಡು ಹಾಲು ಬಿಡುತ್ತಿತ್ತು. "ಬರ್ದೋನು ಕುರಿ ಕಾಯ್ದೋನೇ ಬಿಡು. ಪೂಜಾರಪ್ಪಗೆ ಇದೆಲ್ಲ ಗೊತ್ತಾಗಾಕಿಲ್ಲ" ಎಂದು ಆ ಗ್ರಂಥಕ್ಕೆ ಅವನು ಸರ್ಟಿಫಿಕೇಟು ಕೊಟ್ಟ.

ಸೊಂಟ ಕೂಡಿದರೂ ಅವ್ವ ಮತ್ತೆ ನಡೆಯಲಿಲ್ಲ. ಊರಿನ ಮನೆಯ ಒಳಕೋಣೆಯಲ್ಲಿ ಮಲಗಿದಳು. ಊರಿನವರೂ ನಮ್ಮ ಸುಳ್ಳಿಗೆ ಸೇರಿಕೊಂಡರು. ನೋಡಲು ಬಂದವರೆಲ್ಲ "ಸಣ್ಣೋನು ಹೊಳಲ್ಕೆರೆ ಕಡೇನೇ ಅದಾನೆ, ಮೇವು ಚೆನ್ನಾಗೈತಂತೆ" ಎಂದು ಹೇಳಿ ಹೋಗುತ್ತಿದ್ದರು. ಮಳೆ ಬಿತ್ತು. ಹಿಂಡುಗಳು ಊರಿಗೆ ತಿರುಗಿದವು. ಕೋಣೆಯ ಗೋಡೆಯಾಚೆ ಬೇರೆಯವರ ಕುರಿಗಳು ಅರಚುವುದು ಅವಳಿಗೆ ಕೇಳಿಸಿತು. ಅವತ್ತಿನಿಂದ ಊಟ ಬಿಟ್ಟಳು. ಹಲ್ಲು ಕಚ್ಚಿಕೊಂಡು ಮಲಗಿದಳು. "ಅವ್ನು ಬರ್ಲಿ, ಉಣ್ತೀನಿ." ಮೂರು ದಿನ ನೀರು ಬಿಟ್ಟು ಬೇರೇನೂ ಒಳಗೆ ಹೋಗಲಿಲ್ಲ.

ನಾಲ್ಕನೆಯ ದಿನ ನಾನು ತಮ್ಮನ ಕಂಬಳಿ ಹೊದ್ದು ಒಳಗೆ ಹೋದೆ.

ಗೂಟದಿಂದ ಕಂಬಳಿ ತೆಗೆದುಕೊಟ್ಟವಳು ಅವನ ಹೆಂಡತಿ ಎಂದು ನನ್ನ ನೆನಪು. ನಾನೇ ತೆಗೆದುಕೊಂಡೆ ಎಂದು ಅವಳು. ಈ ಸಲ ಅವಳ ಮಾತನ್ನೇ ನಂಬುತ್ತೇನೆ. ಕಂಬಳಿಯಲ್ಲಿ ಉಣ್ಣೆ, ಬೀಡಿ, ಹಿಕ್ಕೆಯ ವಾಸನೆ ಹಾಗೇ ಇತ್ತು. ಗ್ರಂಥದ ಮಗನಿಗೆ ಕೈ ನೆರವಾಯಿತು, ದನಿ ಕೈಕೊಟ್ಟಿತು. ನನಗೆ ತಿರುಗುಮುರುಗು. ನಮ್ಮಿಬ್ಬರ ಗಂಟಲೂ ಅಪ್ಪನದೇ, ಮಾತು ಕಡಿಮೆ ಮಾಡಿದರೆ ಸಾಕು. ಕೈ ಮಾತ್ರ ಗುಮಾಸ್ತನದು. ಅವ್ವ ಕಂಬಳಿಯ ಒಳಗೆ ಕೈ ಹಾಕಿ ನನ್ನ ಹೆಬ್ಬೆರಳು ಹಿಡಿದಳು.

"ಕೈ ಮೆತ್ತಗಾಗ್ಯಾವಲ್ಲೋ ಸಣ್ಣೋನೆ?"

"ಜ್ವರ ಬಂದಿತ್ತವ್ವ. ತಿಂಗ್ಳು ಮಲಗಿದ್ದೆ."

"ಅದ್ಕೇ ಬರ್ಲಿಲ್ಲ ನೀನು" ಎಂದಳು. ಅತ್ತಳೆಂದು ನೋಟ್‌ಬುಕ್ಕಿನಲ್ಲಿದೆ. ಅತ್ತಿದ್ದಳೇ? ಮುದ್ದೆ ಉಂಡಳು, ಅದು ನಿಜ. ಸೊಸೆ ತುತ್ತು ಮುರಿದು ಕೊಟ್ಟಳು. ಮೂರು ದಿನದ ಹಸಿವು ಅವ್ವನ ಗಂಟಲಲ್ಲಿ ಇಳಿಯುವುದನ್ನು ನೋಡುತ್ತಾ, ತಪ್ಪು ಮಾಡುತ್ತಿದ್ದೇನೆಂದು ನನಗೆ ಅನ್ನಿಸಲಿಲ್ಲ.

ಆಮೇಲೆ ಪ್ರತಿ ಭಾನುವಾರ. ಹಿಂಡು ಇನ್ನೂ ಹೊಳಲ್ಕೆರೆ ಕಡೆಯೇ ಇದೆ, ವಾರಕ್ಕೊಮ್ಮೆ ಬಂದು ಹೋಗುತ್ತೇನೆ ಎಂದು ಅವ್ವನಿಗೆ ಹೇಳಿದ್ದೆ. ಬಬ್ಬೂರಿನಿಂದ ಹಿರಿಯೂರು, ಅಲ್ಲಿಂದ ಹೊಸದುರ್ಗ, ಮತ್ತೆ ಶ್ರೀರಾಂಪುರದ ಬಸ್ಸು. ಬೆಳಿಗ್ಗೆ ಕಂಬಳಿ ಹೊದ್ದು ಸಣ್ಣೋನಾಗಿ ಹೋಗುತ್ತಿದ್ದೆ. ಮಧ್ಯಾಹ್ನ ಹಿತ್ತಲಲ್ಲಿ ಸೋಪು ಹಚ್ಚಿ ತೊಳೆದುಕೊಂಡು, ಇಸ್ತ್ರಿ ಅಂಗಿ ಹಾಕಿ, ದೊಡ್ಡೋನಾಗಿ ಮುಂಬಾಗಿಲಿನಿಂದ ಬರುತ್ತಿದ್ದೆ.

ಸಣ್ಣೋನ ಹತ್ತಿರ ಅವ್ವ ನನ್ನ ಮೇಲೆ ದೂರುತ್ತಿದ್ದಳು. "ದೊಡ್ಡೋನು ಬಂದ್ರೆ ಬರೀ ಪುಸ್ತಕದ ಮಾತಪ್ಪ. ದೇವ್ರು ಏನೋ ಇಟ್ಟಿರ್ತಾನವ್ವ ಅಂತಾನೆ. ಏನಿಟ್ಟಾನೆ ನಂಗೆ? ಮುರ್ದ ಸೊಂಟ ಇಟ್ಟಾನೆ." ದೊಡ್ಡೋನ ಹತ್ತಿರ ಬೇರೆ ಮಾತು: "ಸಣ್ಣೋನು ಬಂದಿದ್ದ. ಬಾಯಿ ಬಿಗ್ದು ಕುಂತಿರ್ತಾನೆ. ಏನೋ ನೋವೈತೆ ಅವ್ನಿಗೆ. ಕೇಳು ನೀನು, ಅಣ್ಣ ಅಲ್ವಾ?"

ಕೇಳುತ್ತೇನೆ ಎಂದೆ.

ದೇವರು ಏನೋ ಇಟ್ಟಿರುತ್ತಾನೆ ಎಂದು ನಾನು ಸುಮ್ಮನೆ ಹೇಳುತ್ತಿರಲಿಲ್ಲ. ಬಸ್ಸಿನಲ್ಲಿ ಆ ಗ್ರಂಥವನ್ನೇ ಓದುತ್ತಿದ್ದೆ. ಅಣ್ಣಂದಿರು ಬಾವಿಗೆ ತಳ್ಳಿ ಮಾರಿಬಿಟ್ಟ ಹುಡುಗ ಪರದೇಶದಲ್ಲಿ ದೊಡ್ಡವನಾಗಿ, ಬರಗಾಲದಲ್ಲಿ ಅದೇ ಅಣ್ಣಂದಿರಿಗೆ ಕಾಳು ಅಳೆದುಕೊಡುತ್ತಾನೆ. ನೀವು ಕೇಡೆಂದು ಮಾಡಿದ್ದನ್ನು ದೇವರು ಜನ ಬದುಕಲೆಂದು ನಡೆಸಿದ ಎನ್ನುತ್ತಾನೆ. ಕಷ್ಟಕ್ಕೊಂದು ಗುರಿ ಇದೆ ಎಂಬುದನ್ನು ಇಷ್ಟು ನೇರವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿರಲಿಲ್ಲ. ನನಗದು ಬೇಕಾಗಿತ್ತು. ತಮ್ಮನ ಸಾವಿನಿಂದ ಯಾರು ಬದುಕಿದರು ಎಂದು ಹುಡುಕಿದೆ. ಸಿಗಲಿಲ್ಲ. ಗುರಿ ಕಾಣುವುದು ಇಪ್ಪತ್ತು ವರ್ಷದ ನಂತರ, ಬಾವಿಯೊಳಗಿದ್ದಾಗ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇನ್ನೊಂದು ಕಡೆ, ಮಕ್ಕಳನ್ನೂ ಹಿಂಡನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತವನೊಬ್ಬ ಯಾಕೆಂದು ಕೇಳಿದಾಗ ದೇವರು ಕಾರಣ ಹೇಳುವುದೇ ಇಲ್ಲ. ಬೆಟ್ಟದ ಮೇಕೆ ಈಯುವ ಕಾಲ ನಿನಗೆ ಗೊತ್ತಿದೆಯೇ ಎಂದು ತಿರುಗಿ ಕೇಳುತ್ತಾನೆ. ಆ ಪುಟದಲ್ಲಿ ಬಹಳ ದಿನ ನಿಂತೆ. ಮೇಕೆ ಈಯುವ ಕಾಲ ಗೊತ್ತಿದ್ದವನು ನಮ್ಮ ಮನೆಯಲ್ಲಿ ಒಬ್ಬನೇ ಇದ್ದ.

ಇಷ್ಟೆಲ್ಲ ಓದುತ್ತಿದ್ದವನಿಗೆ ಎದುರಿಗಿದ್ದದ್ದು ಕಾಣಲಿಲ್ಲ.

ತಮ್ಮನಿಗೆ ಮಣ್ಣು ಹಾಕಿದ ದಿನ ಅವನ ಹೆಂಡತಿಯ ಬಳೆ ಒಡೆದಿದ್ದರು. ಅವ್ವ ಮನೆಗೆ ಬಂದ ಮೊದಲ ವಾರವೇ ಕೇಳಿದ್ದಳು: "ಯಾಕವ್ವ, ನಿನ್ ಬಳೆ ಸದ್ದೇ ಇಲ್ಲ?"

"ಒಡ್ದು ಹೋದ್ವತ್ತೆ."

"ಗಂಡ ಇರಾಳು ಬರಿಗೈಲಿ ಓಡಾಡಬಾರ್ದು. ಹಾಕ್ಕ."

ಅಂದಿನಿಂದ ಅವಳು ಅರ್ಧ ಡಜನ್ ಗಾಜಿನ ಬಳೆಯನ್ನು ಕೋಣೆಯ ಬಾಗಿಲ ಮೊಳೆಗೆ ನೇತುಹಾಕಿದ್ದಳು. ಒಳಗೆ ಹೋಗುವಾಗ ತೊಡುತ್ತಿದ್ದಳು, ಹೊರಗೆ ಬರುವಾಗ ತೆಗೆದು ನೇತುಹಾಕುತ್ತಿದ್ದಳು. ದಿನಕ್ಕೆ ಎಷ್ಟು ಸಲವೋ. ಅವ್ವನ ಕೋಣೆಯಲ್ಲಿ ಮುತ್ತೈದೆ, ಅಡುಗೆಮನೆಯಲ್ಲಿ ವಿಧವೆ. ನಾನು ಅದನ್ನು ನೋಡುತ್ತಿದ್ದೆ, ಚೆನ್ನಾಗಿ ನಿಭಾಯಿಸುತ್ತಾಳೆ ಎಂದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಹಿತ್ತಲಲ್ಲಿ ಕಂಬಳಿ ಹೊದ್ದುಕೊಳ್ಳುತ್ತಿದ್ದಾಗ ಅವಳು ಕಲ್ಲಿನ ಮೇಲೆ ಕೂತಿದ್ದಳು. ಏಳಲಿಲ್ಲ.

"ಭಾವ, ಇನ್ನು ನನ್ ಕೈಲಾಗಾಕಿಲ್ಲ."

ನಲ್ಲಿಯ ಹತ್ತಿರ ಒಬ್ಬಳು ಎಲ್ಲರ ಮುಂದೆ ಕೇಳಿದ್ದಳಂತೆ: "ಏನವ್ವ, ಬಳೆ ಅತ್ತೆಗೆ ಅಂತ ಹಾಕ್ಕಂತೀಯೋ, ಭಾವಗೆ ಅಂತ ಹಾಕ್ಕಂತೀಯೋ?" ಕೊಡ ಹಿಡಿದವರೆಲ್ಲ ನಕ್ಕರಂತೆ. ಹೆಂಡತಿ ತೀರಿಕೊಂಡು ಒಂಟಿಯಾಗಿರುವವನು ನಾನು. ಆ ನಗೆಗೆ ಅಷ್ಟು ಸಾಕಾಗಿತ್ತು.

"ಅವ್ರು ಹೋಗಿ ಏಳು ತಿಂಗ್ಳಾತು. ಒಂದಿನ ಬಾಯ್ಬಿಟ್ಟು ಅತ್ತಿಲ್ಲ ನಾನು. ಒಳಗಿರೋರಿಗೆ ಕೇಳ್ತೈತಲ್ಲ" ಎಂದಳು. ಹಾಲುರಾಮೇಶ್ವರದ ದೇವಸ್ಥಾನಕ್ಕೂ ಹೋಗಿ ಬಂದಿದ್ದಳಂತೆ. ಅಲ್ಲಿಯ ಕೊಳದ ಮುಂದೆ ಕೂತು ಕೇಳಿಕೊಂಡರೆ ನೀರಿನಿಂದ ಏನಾದರೂ ಮೇಲೆ ಬಂದು ಉತ್ತರವಾಗುತ್ತದೆಂದು ನಮ್ಮವರ ನಂಬಿಕೆ. "ಮಧ್ಯಾಹ್ನದ ತಂಕ ಕುಂತಿದ್ದೆ. ಒಂದು ಹೂವಿನ ಎಸಳೂ ಬರ್ಲಿಲ್ಲ."

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಬಾವಿಗೆ ಬಿದ್ದ ಹುಡುಗನ ಕಥೆ ಹೇಳಿದೆ. ದೇವರ ಉದ್ದೇಶ ಈಗ ಕಾಣುವುದಿಲ್ಲ, ತಾಳಿಕೋ ಎಂದೆ. ತಾಳಿಕೋ ಎಂದು ಹೇಳಿದವನ ಮೈಮೇಲೆ ಅವಳ ಗಂಡನ ಕಂಬಳಿ ಇತ್ತು.

"ಆ ಹುಡ್ಗ ಬದುಕಿದ್ದ ಭಾವ" ಎಂದಳು. "ನಮ್ಮೋರು ಬದುಕಿಲ್ಲ."

ಮತ್ತೆ ಕೇಳಿದಳು: "ಮಗನಿಗೆ ಆಡಿನ ತೊಗಲು ಕಟ್ಟಿ ಕಳಿಸಿದ್ಲಲ್ಲ, ನಮ್ಮೋರು ಹೇಳಿ ಹೇಳಿ ನಗಾಡ್ತಿದ್ರು. ಆಯಮ್ಮ ಆಮೇಲೆ ಏನಾದ್ಲು?"

ನಾನು ಯೋಚಿಸಿದೆ. ಮಗ ಅಣ್ಣನಿಗೆ ಹೆದರಿ ಊರು ಬಿಡುತ್ತಾನೆ. ಇಪ್ಪತ್ತು ವರ್ಷ ದೂರದಲ್ಲಿ ಕುರಿ ಕಾಯುತ್ತಾನೆ. ಅವನ ಹೆಂಡಿರು, ಮಕ್ಕಳು, ಹಿಂಡು, ಎಲ್ಲದರ ಲೆಕ್ಕವಿದೆ. ತಾಯಿ ಮಗನನ್ನು ಮತ್ತೆ ಕಂಡಳೇ, ಹೇಗೆ ಸತ್ತಳು, ಏನೂ ಇಲ್ಲ. ಎಲ್ಲಿ ಹೂಳಿದರೆಂದು ಮಾತ್ರ ಎಷ್ಟೋ ಪುಟಗಳ ನಂತರ ಒಂದು ಮಾತು ಬರುತ್ತದೆ.

"ಏನೂ ಬರ್ದಿಲ್ಲ" ಎಂದೆ.

"ಮತ್ತೆ ಉದ್ದೇಶ ಅಂತೀರಲ್ಲ, ಅದ್ರಾಗೆ ಆಯಮ್ಮಂದು ಯಾವ್ದು?"

ಈ ಮಾತನ್ನು ಅವಳೇ ಆಡಿದಳೋ, ನಾನು ಆಮೇಲೆ ಅವಳ ಬಾಯಿಗೆ ಸೇರಿಸಿದೆನೋ, ಆಣೆ ಮಾಡಲಾರೆ. ಎದ್ದು ಸೆರಗು ಕೊಡವಿಕೊಂಡು ಅವಳು ಹೇಳಿದ್ದು ಮಾತ್ರ ಖಚಿತ: "ಇವತ್ತು ಬಳೆ ಹಾಕ್ಕಣಲ್ಲ ನಾನು. ಬರಾದಾದ್ರೆ ಬರ್ರಿ, ಬಿಡಾದಾದ್ರೆ ಬಿಡ್ರಿ."

ಕಂಬಳಿ ತೆಗೆದಿಟ್ಟು ನಾನಾಗಿಯೇ ಒಳಗೆ ಹೋಗಿ, ಅವ್ವ, ಹೀಗಾಯಿತು ಎಂದು ಹೇಳಬಹುದಾಗಿತ್ತು. ಹೇಳಿದರೆ ಅವ್ವ ಹಲ್ಲು ಕಚ್ಚುತ್ತಾಳೆ. ಹೇಳದಿದ್ದರೆ ಇವಳು ಹೀಗೇ ಅಳು ನುಂಗಬೇಕು. ಆ ಹತ್ತು ಹೆಜ್ಜೆಯಲ್ಲಿ ನನ್ನಿಂದ ಏನನ್ನೂ ತೀರ್ಮಾನ ಮಾಡಲಾಗಲಿಲ್ಲ. ಕಂಬಳಿ ಹೊದ್ದೇ ಹೋದೆ. ಧೈರ್ಯವಲ್ಲ, ತೆಗೆಯಲು ಕೈ ಬರಲಿಲ್ಲ ಅಷ್ಟೆ.

"ಸಣ್ಣೋನೆ, ಬಂದ್ಯಾ" ಎಂದಳು ಅವ್ವ. ನಾನು ಹೂಂ ಎಂದು ಗೋಡೆಗೆ ಒರಗಿ ಕೂತೆ. ತಟ್ಟೆ ಹಿಡಿದು ತಮ್ಮನ ಹೆಂಡತಿ ಬಂದಳು. ಬಳೆಯ ಸದ್ದಿರಲಿಲ್ಲ. ಅವ್ವ ತಲೆ ಓರೆ ಮಾಡಿ ಕಿವಿ ಕೊಟ್ಟಳು. ಮೊದಲ ತುತ್ತು ಬಾಯಿಯ ಹತ್ತಿರ ಬಂದಾಗ ಆ ಕೈಯನ್ನು ಹಿಡಿದುಕೊಂಡಳು. ಮಣಿಕಟ್ಟಿನಿಂದ ಮೊಣಕೈವರೆಗೆ ತಡವಿದಳು. ಇನ್ನೊಂದು ಕೈ ಕೇಳಿದಳು, ಬಾಯಿಂದಲ್ಲ, ತನ್ನ ಅಂಗೈ ಚಾಚಿ. ಸೊಸೆ ತಟ್ಟೆ ಕೆಳಗಿಟ್ಟು ಕೊಟ್ಟಳು. ಅವ್ವ ಅದನ್ನೂ ತಡವಿದಳು. ಆಮೇಲೆ ಸೊಸೆಯ ಬರಿಹಣೆಗೆ ಕೈಯೊಯ್ದು ಹೆಬ್ಬೆರಳಿನಿಂದ ಉಜ್ಜಿ, ಹೆಬ್ಬೆರಳನ್ನು ಮೂಸಿ ನೋಡಿದಳು.

ಅವ್ವ ಕೂಗಲಿಲ್ಲ. ಯಾವಾಗ ಎಂದು ಕೇಳಲಿಲ್ಲ. ತಮ್ಮನ ಹೆಂಡತಿಯ ಅಳುವಿಗೆ ದನಿ ಬಂತು. ಏಳು ತಿಂಗಳು ಹಿಡಿದಿಟ್ಟದ್ದು. ಅವ್ವನ ಮುರಿದ ಸೊಂಟದ ಮೇಲೆಯೇ ತಲೆಯಿಟ್ಟು ಅತ್ತಳು. ಅವ್ವ ಅವಳ ಕೂದಲಲ್ಲಿ ಬೆರಳಾಡಿಸುತ್ತಿದ್ದಳು. ಆ ಅಳುವಿನಲ್ಲಿ ನನಗೆ ಪಾಲಿರಲಿಲ್ಲ. ಕಂಬಳಿಯೊಳಗೆ ಬೆವರುತ್ತಾ, ಯಾರಾದರೂ ನನ್ನನ್ನು ಬೈಯಲಿ ಎಂದು ಕಾಯುತ್ತಿದ್ದೆ.

ಅಳು ಇಳಿದ ಮೇಲೆ ಅವ್ವ ತಟ್ಟೆಗಾಗಿ ತಡಕಿದಳು. "ಅನ್ನ ತಣ್ಣಗಾತು, ಕೊಡು" ಎಂದಳು. ಸೊಸೆಯ ಬರಿಗೈಯಿಂದ ಒಂದೊಂದೇ ತುತ್ತು ತಿಂದಳು, ಅರ್ಧ ತಟ್ಟೆಯವರೆಗೆ.

"ಅವ್ವ" ಎಂದೆ ನಾನು. ಯಾರ ದನಿಯಲ್ಲಿ ಅಂದೆನೋ.

ಅವಳು ನನ್ನ ಕಡೆ ಮುಖ ತಿರುಗಿಸಲಿಲ್ಲ. ಕೈ ಚಾಚಲಿಲ್ಲ. ಸಣ್ಣೋನೆ ಎನ್ನಲಿಲ್ಲ, ದೊಡ್ಡೋನೆ ಎನ್ನಲಿಲ್ಲ. ಬಾಯಿ ಒರೆಸಿಕೊಂಡು ಸೊಸೆಗೆ ಹೇಳಿದಳು:

"ಬಂದೋರಿಗೆ ನೀರ್ ಕೊಡವ್ವ. ಬಿಸ್ಲಾಗೆ ಬಂದಾರೆ."